ಅಮ್ಮನ ರುಜುವಿಗೆ ಮೊದಲು

ಪ್ರಶ್ನೆ: ನಾನು ಮೈಸೂರಿನಲ್ಲಿ ಶಾಲಾ ಶಿಕ್ಷಕಿ, ವಯಸ್ಸು 53. ತವರು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. 1993ರಲ್ಲಿ ಮದುವೆಯಾಯಿತು. ಅಪ್ಪ 2022ರಲ್ಲಿ ಉಯಿಲು ಬರೆಯದೆ ತೀರಿಕೊಂಡರು. ತಾತನ ಕಾಲದಿಂದ ಬಂದ ಎರಡು ಎಕರೆ ಆರು ಗುಂಟೆ ಗದ್ದೆಯ ಖಾತೆ ಇನ್ನೂ ಅಪ್ಪನ ಹೆಸರಿನಲ್ಲೇ ಇದೆ. ಮಂಡ್ಯದಲ್ಲಿ ಅಮ್ಮನ ಹೆಸರಿನಲ್ಲಿ ಒಂದು ಚಿಕ್ಕ ಮನೆಯಿದೆ. ಅಮ್ಮ ತಮ್ಮದೇ ಒಡವೆ ಮಾರಿ ನಿವೇಶನ ಕೊಂಡು ಕಟ್ಟಿಸಿದ್ದು, ಈಗ ಬಾಡಿಗೆಗೆ ಕೊಟ್ಟಿದ್ದಾರೆ. ಅಣ್ಣ ಬೆಂಗಳೂರಿನಲ್ಲಿದ್ದಾನೆ. 76 ವರ್ಷದ ಅಮ್ಮ ಊರಿನಲ್ಲಿ ತಮ್ಮನ ಜೊತೆ ಇದ್ದಾರೆ. ಒಂದು ವರ್ಷದಿಂದ ಅವರಿಗೆ ಮರೆವು ಹೆಚ್ಚಾಗಿದೆ. ಸಾರಿಗೆ ಎರಡು ಸಲ ಉಪ್ಪು ಹಾಕುತ್ತಾರೆ. ಕೆಲವು ಸಂಜೆ, ಅಪ್ಪ ಗದ್ದೆಯಿಂದ ಇನ್ನೂ ಬರಲಿಲ್ಲವೆಂದು ಬಾಗಿಲಲ್ಲಿ ಕೂರುತ್ತಾರೆ. 'ಮಂಡ್ಯದ ಮನೆಯನ್ನು ನನ್ನ ಹೆಸರಿಗೆ ದಾನಪತ್ರ ಮಾಡಿಸಿ, ಗದ್ದೆಗೆ ನೀವಿಬ್ಬರೂ ಹಕ್ಕು ಬಿಟ್ಟುಕೊಡಿ, ಅಮ್ಮನನ್ನು ಕೊನೆಯವರೆಗೆ ನಾನೇ ನೋಡಿಕೊಳ್ಳುತ್ತೇನೆ' ಎನ್ನುತ್ತಾನೆ ತಮ್ಮ. ಮುಂದಿನ ವಾರ ನೋಂದಣಿಗೆ ದಿನವೂ ಗೊತ್ತಾಗಿದೆ. ಅಣ್ಣ, 'ಅದೆಲ್ಲ ಬೇಡ, ನನಗೆ ಜಿ.ಪಿ.ಎ. (ಜನರಲ್ ಪವರ್ ಆಫ್ ಅಟಾರ್ನಿ) ಕೊಡಿಸು' ಎನ್ನುತ್ತಾನೆ. 1994ಕ್ಕೆ ಮೊದಲು ಮದುವೆಯಾದ ಹೆಣ್ಣುಮಕ್ಕಳಿಗೆ ಪಾಲೇ ಇಲ್ಲ ಎಂದು ಊರಿನವರ ಮಾತು. ಅಮ್ಮನ ಬ್ಯಾಂಕ್ ಠೇವಣಿಗೆ ತಮ್ಮನೇ ನಾಮಿನಿ. ನನಗೆ ಆಸ್ತಿಯ ಆಸೆಗಿಂತ ತವರಿನ ಬಾಗಿಲು ಮುಚ್ಚಿಹೋದೀತೆಂಬ ಭಯವೇ ದೊಡ್ಡದು. ರುಜು ಹಾಕಲೇ? ಅಮ್ಮನಿಂದ ಹಾಕಿಸಲೇ?
ಹೆಸರು ಬೇಡ, ಮೈಸೂರು

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೆಯ ಸಲ ಓದುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ತಮ್ಮ ಏನೆನ್ನುತ್ತಾನೆ, ಅಣ್ಣ ಏನೆನ್ನುತ್ತಾನೆ, ಊರಿನವರು ಏನೆನ್ನುತ್ತಾರೆ ಎಲ್ಲವನ್ನೂ ಬರೆದಿದ್ದೀರಿ. ಮನೆಯ ಒಡತಿ ಏನೆನ್ನುತ್ತಾರೆ ಎಂಬುದು ಮಾತ್ರ ಎಲ್ಲೂ ಇಲ್ಲ. ಮೈಸೂರಿನ ನ್ಯಾಯಾಲಯಗಳಲ್ಲಿ ಸಿವಿಲ್ ವಕಾಲತ್ತು ಮಾಡಿಕೊಂಡಿರುವ ನನ್ನ ಬಳಿ ಇಂಥ ಕುಟುಂಬಗಳು ಬರುವುದು ಸಾಮಾನ್ಯವಾಗಿ ಎಲ್ಲ ಮುಗಿದ ಮೇಲೆ. ಆಗ ನಾನು ಕೇಳುವ ಮೊದಲ ಪ್ರಶ್ನೆಯೂ ಇದೇ: ಬರೆದುಕೊಟ್ಟ ದಿನ ಅವರು ಏನೆಂದರು? ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ಕೆಲವು ವರ್ಷಗಳ ಹಿಂದೆ ಒಂದು ಉಪನೋಂದಣಿ ಕಚೇರಿಯಲ್ಲಿ ಬೇರೆ ಕೆಲಸಕ್ಕೆ ಕುಳಿತಿದ್ದೆ. ಪಕ್ಕದ ಮೇಜಿನ ಮುಂದೆ ಎಪ್ಪತ್ತೈದು ದಾಟಿದ ಹೆಂಗಸು. ಹೆಬ್ಬೆರಳಿನ ಗುರುತು ಯಂತ್ರಕ್ಕೆ ಹತ್ತುತ್ತಿರಲಿಲ್ಲ. ಜೀವಮಾನವೆಲ್ಲ ಕಳೆ ಕಿತ್ತು, ಪಾತ್ರೆ ಬೆಳಗಿ ಗೆರೆಗಳೇ ಸವೆದುಹೋಗಿದ್ದವು. ಮಗ ತನ್ನ ಕರವಸ್ತ್ರದಿಂದ ಅವರ ಬೆರಳು ಒರೆಸಿ ಒರೆಸಿ ಮತ್ತೆ ಒತ್ತಿಸುತ್ತಿದ್ದ. ನಾಲ್ಕನೆಯ ಸಲಕ್ಕೆ ಅಧಿಕಾರಿ ತಲೆಯೆತ್ತಿ, 'ಅಮ್ಮಾ, ಏನು ಬರೆದುಕೊಡುತ್ತಿದ್ದೀರಿ, ಗೊತ್ತೇ?' ಎಂದು ಕೇಳಿದರು. 'ಪಡಿತರ ಚೀಟಿಗಂತೆ' ಎಂದರು ಆಕೆ. ಅಧಿಕಾರಿ ಪತ್ರವನ್ನು ಹಿಂದಿರುಗಿಸಿದರು. ಮಗ ಕೆಟ್ಟವನಂತೆ ಕಾಣಲಿಲ್ಲ. ನಾಚಿಕೆಯಿಂದ ಮುಖ ಕೆಂಪಾಗಿತ್ತು. ಅಮ್ಮನಿಗೆ ಬಿಡಿಸಿ ಹೇಳುವ ಅಗತ್ಯವಿದೆ ಎಂದು ಅವನಿಗೆ ಹೊಳೆದೇ ಇರಲಿಲ್ಲ, ಅಷ್ಟೇ.

ನಿಮ್ಮ ತಮ್ಮನೂ ಕೆಟ್ಟವನಲ್ಲ ಎಂದೇ ಇಟ್ಟುಕೊಂಡು ಮಾತಾಡುತ್ತೇನೆ. ಆದರೆ ಅವರು ಮೂರು ಬೇರೆ ಬೇರೆ ಗಂಟುಗಳನ್ನು ಒಂದೇ ಹಗ್ಗದಲ್ಲಿ ಬಿಗಿದಿದ್ದಾರೆ: ಅಮ್ಮನ ಆರೈಕೆ, ಅಮ್ಮನ ಮನೆ, ಅಪ್ಪನ ಗದ್ದೆ. ಮೂರಕ್ಕೂ ಕಾನೂನು ಬೇರೆ, ಹಕ್ಕುದಾರರು ಬೇರೆ, ಅವಸರವೂ ಬೇರೆ. ಬಿಡಿಸಿ ನೋಡೋಣ.

ಮೊದಲು ಮರೆವಿನ ವಿಷಯ. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. 'ಅರವತ್ತಕ್ಕೆ ಅರಳು ಮರಳು' ಎಂದು ನಾವು ಹೇಳಿಕೊಂಡು ಬಂದ ಮಾತಿನಿಂದ ಎಷ್ಟೋ ಹಿರಿಯರಿಗೆ ಚಿಕಿತ್ಸೆ ತಪ್ಪಿದೆ. ಮರೆವೆಲ್ಲ ಡಿಮೆನ್ಷಿಯಾ ಆಗಬೇಕಿಲ್ಲ. ಥೈರಾಯ್ಡ್ ಕೊರತೆ, ಬಿ-12 ಕೊರತೆ, ನಿದ್ದೆ ಮಾತ್ರೆ, ಏರುಪೇರಾಗುವ ಸಕ್ಕರೆ, ಕಿವಿ ಮಂದವಾಗುವುದು, ಗಂಡ ಹೋದ ಮೇಲಿನ ಖಿನ್ನತೆ ಇವೆಲ್ಲವೂ ಮರೆವಿನ ವೇಷದಲ್ಲೇ ಬರುತ್ತವೆ. ಇವುಗಳಲ್ಲಿ ಹಲವಕ್ಕೆ ಮದ್ದಿದೆ. ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆ, ಅಗತ್ಯಬಿದ್ದರೆ ಬೆಂಗಳೂರಿನ ನಿಮ್ಹಾನ್ಸ್, ಎಲ್ಲಿಗಾದರೂ ಸರಿ, ಈ ವಾರವೇ ಕರೆದುಕೊಂಡು ಹೋಗಿ. ನಾನು ವೈದ್ಯನಲ್ಲ. ಆದರೆ ವೈದ್ಯರ ಚೀಟಿಯಿಲ್ಲದೆ ಎಪ್ಪತ್ತಾರರ ಮರೆಗುಳಿ ತಾಯಿಯಿಂದ ಯಾವ ಪತ್ರ ಬರೆಸಿದರೂ ಅದು ನಾಳಿನ ದಾವೆಗೆ ಇಂದೇ ಇಟ್ಟ ಬೀಜ ಎಂಬುದನ್ನು ಧಾರಾಳವಾಗಿ ಕಂಡಿದ್ದೇನೆ.

ಇನ್ನೊಂದು ತುದಿಯ ತಪ್ಪು ಕಲ್ಪನೆಯೂ ಇದೆ. ಮರೆವಿನ ಕಾಯಿಲೆ ಎಂದು ವೈದ್ಯರು ಬರೆದ ಕೂಡಲೇ ಅಮ್ಮನ ರುಜುವಿಗೆ ಬೆಲೆಯಿಲ್ಲ ಎಂದು ಭಾವಿಸಬೇಡಿ. ಕಾನೂನು ನೋಡುವುದು ರುಜು ಹಾಕುವ ಹೊತ್ತಿನ ಸ್ಥಿತಿಯನ್ನು. ತನ್ನದೆಂಬುದು ಏನೇನಿದೆ, ತನ್ನವರು ಯಾರು, ಈ ಕಾಗದದಿಂದ ಯಾರಿಗೆ ಏನು ಹೋಗುತ್ತದೆ ಎಂಬುದು ಆ ಹೊತ್ತಿನಲ್ಲಿ ತಿಳಿದಿದ್ದರೆ ಅವರು ಬರೆಯಬಲ್ಲರು. ಬುದ್ಧಿ ತಪ್ಪುತ್ತಿರುವವರೂ ಸ್ವಸ್ಥವಾಗಿರುವ ಅವಧಿಯಲ್ಲಿ ಉಯಿಲು ಬರೆಯಬಹುದೆಂದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯೇ ಹೇಳುತ್ತದೆ. ಸಂಜೆ ಹೊತ್ತು ಗಲಿಬಿಲಿಗೊಳ್ಳುವ ಎಷ್ಟೋ ಹಿರಿಯರು ಬೆಳಗ್ಗೆ ಹತ್ತು ಗಂಟೆಗೆ ನನಗಿಂತ ಚೆನ್ನಾಗಿ ಲೆಕ್ಕ ಹೇಳುತ್ತಾರೆ. ನನ್ನ ಪದ್ಧತಿ ಹೀಗೆ: ಮಕ್ಕಳನ್ನೆಲ್ಲ ಹೊರಗೆ ಕಳುಹಿಸಿ, ತಾಯಿಯೊಬ್ಬರನ್ನೇ ಕೂರಿಸಿಕೊಂಡು, ಊರು, ಮಳೆ, ಬೆಳೆ ಎಂದು ಮಾತಿಗೆಳೆದು, ನಡುವೆ ಆಸ್ತಿಯ ಮಾತು ತೆಗೆಯುತ್ತೇನೆ. ಎರಡು ದಿನ ಬಿಟ್ಟು ಮತ್ತೆ ಅದನ್ನೇ ಕೇಳುತ್ತೇನೆ. ಎರಡೂ ಸಲ ಒಂದೇ ಉತ್ತರ ಬಂದರೆ ಮಾತ್ರ ಬರೆಯಲು ಕೂರುತ್ತೇನೆ.

ಈಗ ಮಂಡ್ಯದ ಮನೆ. ಇಲ್ಲಿ ನಿಮಗೂ ಒಂದು ಕಹಿ ಮಾತು ಹೇಳಬೇಕು. ಆ ಮನೆಯಲ್ಲಿ ನಿಮಗಾಗಲಿ, ಅಣ್ಣನಿಗಾಗಲಿ, ತಮ್ಮನಿಗಾಗಲಿ ಇವತ್ತಿನ ದಿನ ಒಂದು ಇಟ್ಟಿಗೆಯ ಹಕ್ಕೂ ಇಲ್ಲ. ಅಮ್ಮ ಒಡವೆ ಮಾರಿ ಕೊಂಡ ಆಸ್ತಿ ಅದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಅವರು ಅದರ ಪೂರ್ಣ ಒಡತಿ. ಮಾರಬಹುದು, ಮೂವರಲ್ಲಿ ಒಬ್ಬರಿಗೇ ಕೊಡಬಹುದು, ಯಾವುದಾದರೂ ಮಠಕ್ಕೆ ಬರೆದರೂ ಕೇಳುವಂತಿಲ್ಲ. 'ಮಕ್ಕಳೆಲ್ಲ ಒಪ್ಪಿದ್ದೇವೆ' ಎಂದರೂ ಅಮ್ಮನ ಒಪ್ಪಿಗೆಯ ಜಾಗವನ್ನು ಅದು ತುಂಬುವುದಿಲ್ಲ. ಅವರು ಏನೂ ಬರೆಯದೆ ಹೋದರೆ ಮಾತ್ರ ಮನೆ ಮೂವರು ಮಕ್ಕಳಿಗೆ ಸಮನಾಗಿ ಬರುತ್ತದೆ.

ಹಾಗಾದರೆ ಏನೂ ಬರೆಯದೆ ಬಿಟ್ಟುಬಿಡಲೇ ಎಂದು ಕೇಳುತ್ತೀರಿ. ಅದೂ ಒಂದು ದಾರಿಯೇ. ಖರ್ಚಿಲ್ಲ. ಆದರೆ ರಾತ್ರಿ ಎದ್ದು ಅಮ್ಮನ ಹಾಸಿಗೆ ಬದಲಿಸಿದವರಿಗೂ ಗೌರಿ ಹಬ್ಬಕ್ಕೆ ಬಂದು ಹೋದವರಿಗೂ ಒಂದೇ ಪಾಲು ಬರುತ್ತದೆ. ನಿಮ್ಮ ತಮ್ಮನ ಮನಸ್ಸಿನಲ್ಲಿ ಕುದಿಯುತ್ತಿರುವುದು ಬಹುಶಃ ಇದೇ. ಅವರ ಮಾತಿನಲ್ಲಿ ನ್ಯಾಯವಿಲ್ಲವೆನ್ನಲಾರೆ. ತಪ್ಪಿರುವುದು ಅವರು ಹಿಡಿದಿರುವ ಕಾಗದದಲ್ಲಿ.

ದಾನಪತ್ರ ಎಂದರೇನು ಎಂಬುದು ನಮ್ಮ ಕಡೆ ಸರಿಯಾಗಿ ತಿಳಿದಿಲ್ಲ. ಕುಟುಂಬದೊಳಗಿನ ದಾನಕ್ಕೆ ಮುದ್ರಾಂಕ ಶುಲ್ಕ ಕ್ರಯಪತ್ರಕ್ಕಿಂತ ಬಹಳ ಕಡಿಮೆಯಾದ್ದರಿಂದ ಎಲ್ಲರೂ ಅದಕ್ಕೇ ಬೀಳುತ್ತಾರೆ. ನೋಂದಣಿಯಾದ ಕ್ಷಣದಿಂದ ಮನೆ ಮಗನದು, ಬಾಡಿಗೆಯೂ ಅವನದು. ಅಮ್ಮ ಮನಸ್ಸು ಬದಲಿಸಿದರೆ ತಾವೊಬ್ಬರೇ ಹೋಗಿ ಅದನ್ನು ರದ್ದು ಮಾಡಿ ಬರಲಾಗದು. ಮಗ ಸಾಲಕ್ಕೆ ಅಡವಿಟ್ಟು ಕಂತು ತಪ್ಪಿದರೆ ಬ್ಯಾಂಕಿನವರು ಬರುವುದು ಆ ಮನೆಗೆ. ಇನ್ನೂ ಒಂದು ಸಾಧ್ಯತೆ ಇದೆ. ಬಾಯಿಬಿಟ್ಟು ಆಡಲು ಯಾರಿಗೂ ಇಷ್ಟವಾಗದು. ಅಮ್ಮನಿಗಿಂತ ಮೊದಲು ಮಗನೇ ಹೋದರೆ ಮನೆ ಅವನ ವಾರಸುದಾರರಿಗೆ ಸೇರುತ್ತದೆ. ಅವರಲ್ಲೊಬ್ಬರಾಗಿ ಅಮ್ಮನಿಗೂ ಒಂದು ಪಾಲು ಬಂದೀತು, ಅಷ್ಟೇ. ತನ್ನ ಒಡವೆಯ ಮನೆಯಲ್ಲಿ ತಾನೇ ಪಾಲುಗಾರ್ತಿಯಾಗುವ ಸ್ಥಿತಿ!

'ನೋಡಿಕೊಳ್ಳದಿದ್ದರೆ ಎ.ಸಿ. (ಉಪವಿಭಾಗಾಧಿಕಾರಿ) ಸಾಹೇಬರ ಹತ್ತಿರ ಹೋಗಿ ದಾನಪತ್ರ ರದ್ದು ಮಾಡಿಸಬಹುದಂತಲ್ಲ?' ಎಂದು ಬಹಳ ಜನ ಕೇಳುತ್ತಾರೆ. ಅರ್ಧ ನಿಜ. ಪಾಲಕರ ಮತ್ತು ಹಿರಿಯ ನಾಗರಿಕರ ನಿರ್ವಹಣೆ ಹಾಗೂ ಕಲ್ಯಾಣ ಕಾಯ್ದೆ 2007ರಲ್ಲಿ ಬಂತು. ಅದರ 23ನೇ ಸೆಕ್ಷನ್, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಷರತ್ತು ಮುರಿದರೆ ಹಿಂಪಡೆಯಲು ಅವಕಾಶ ಕೊಡುತ್ತದೆ. 'ಷರತ್ತಿನ ಮೇಲೆ' ಎಂಬಲ್ಲಿಗೆ ಗಮನ ಕೊಡಿ. 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಷರತ್ತು ಇತ್ತೆಂದು ತೋರಿಸಲಾಗದಿದ್ದರೆ ಈ ಸೆಕ್ಷನ್ ನೆರವಿಗೆ ಬಾರದೆಂದು ಹೇಳಿತು. 2025ರ ಜನವರಿಯಲ್ಲಿ ಅದೇ ನ್ಯಾಯಾಲಯ ಮಧ್ಯಪ್ರದೇಶದ ಒಬ್ಬ ತಾಯಿಯ ಪ್ರಕರಣದಲ್ಲಿ, ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕೆಂದು ಹೇಳಿ, ದಾನಪತ್ರ ರದ್ದುಗೊಳಿಸಿ ಆಸ್ತಿಯನ್ನು ತಾಯಿಗೆ ಮರಳಿ ಕೊಡಿಸಿತು. ಆದರೆ ಅಲ್ಲಿಯೂ ನೋಡಿಕೊಳ್ಳುತ್ತೇನೆಂದು ಮಗ ಬರೆದುಕೊಟ್ಟ ವಚನಪತ್ರವೊಂದಿತ್ತು. ನನ್ನ ಬಳಿ ಬಂದ ಒಂದು ದಾನಪತ್ರದಲ್ಲಿ 'ಪ್ರೀತಿ ವಿಶ್ವಾಸದಿಂದ' ಎಂದು ನಾಲ್ಕು ಕಡೆ ಬರೆದಿತ್ತು, 'ನೋಡಿಕೊಳ್ಳಬೇಕು' ಎಂದು ಒಂದು ಕಡೆಯೂ ಇರಲಿಲ್ಲ. ಆ ತಾಯಿ ಮೂರು ವರ್ಷ ಅಲೆದರು.

ಆದ್ದರಿಂದ, ಎಲ್ಲ ತಿಳಿದೂ 'ಇಲ್ಲ, ಚಿಕ್ಕವನಿಗೇ ಕೊಡಬೇಕು, ಈಗಲೇ ಕೊಡಬೇಕು' ಎಂದು ಅಮ್ಮನೇ ಹಟ ಹಿಡಿದರೆ, ಸಿದ್ಧವಾಗಿರುವ ಪತ್ರವನ್ನು ಹರಿದು ಹೊಸದು ಬರೆಸಿ. ಅದರಲ್ಲಿ ಎರಡು ವಿಷಯ ಇರಲೇಬೇಕು. ಒಂದು, 'ನಾನು ಬದುಕಿರುವವರೆಗೆ ಈ ಮನೆಯಲ್ಲಿ ವಾಸಿಸುವ ಮತ್ತು ಇದರ ಬಾಡಿಗೆಯನ್ನು ನಾನೇ ಪಡೆಯುವ ಹಕ್ಕನ್ನು ಉಳಿಸಿಕೊಂಡಿರುತ್ತೇನೆ' ಎಂಬ ಮಾತು. ಹೀಗೆ ಅನುಭವದ ಹಕ್ಕನ್ನು ಉಳಿಸಿಕೊಂಡು ಮಾಡಿದ ದಾನವೂ ಊರ್ಜಿತವೆಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಇನ್ನೊಂದು, ಊಟ, ವಸತಿ, ಔಷಧ, ಶುಶ್ರೂಷೆ ಒದಗಿಸುವ ಷರತ್ತಿನ ಮೇಲೆಯೇ ಈ ದಾನ, ತಪ್ಪಿದರೆ ರದ್ದು ಎಂಬ ಸ್ಪಷ್ಟ ಸಾಲು. ತಮ್ಮ ಈ ಎರಡಕ್ಕೂ ಸಂತೋಷದಿಂದ ಒಪ್ಪಿದರೆ ಅರ್ಧ ಚಿಂತೆ ಕಳೆಯಿತು. ಮುಖ ಸಿಂಡರಿಸಿದರೆ ಅದೂ ನಿಮಗೊಂದು ಉತ್ತರವೇ.

ನನ್ನನ್ನು ಕೇಳಿದರೆ ಈ ಮನೆಗೆ ಉಯಿಲೇ ತಕ್ಕದ್ದು. ನಮ್ಮ ಹಿರಿಯರು ಮರಣಶಾಸನ ಎನ್ನುತ್ತಿದ್ದರು. ಆ ಹೆಸರಿಗೇ ಹೆದರಿ ಎಷ್ಟೋ ಜನ ಅದರ ಹತ್ತಿರ ಸುಳಿಯುವುದಿಲ್ಲ. ಬದುಕಿರುವವರೆಗೆ ಮನೆ ಅಮ್ಮನದೇ, ಬಾಡಿಗೆ ಅಮ್ಮನದೇ, ಮನಸ್ಸು ಬದಲಾದರೆ ಹೊಸದು ಬರೆಯಬಹುದು. ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ನೋಂದಣಿಯೂ ಕಡ್ಡಾಯವಲ್ಲ, ಆದರೂ ಈ ವಯಸ್ಸಿನಲ್ಲಿ ಮಾಡಿಸಿ ಎನ್ನುತ್ತೇನೆ. ಅಶಕ್ತರಾದರೆ ಉಪನೋಂದಣಾಧಿಕಾರಿ ಮನೆಗೇ ಬಂದು ಮಾಡಿಕೊಳ್ಳಲು ಕಾಯ್ದೆಯಲ್ಲಿ ಅವಕಾಶವಿದೆ. ತಪ್ಪಿಸಲಾಗದ್ದು ಇಬ್ಬರು ಸಾಕ್ಷಿಗಳು. ಅಮ್ಮ ರುಜು ಹಾಕುವುದನ್ನು ಅವರು ಕಣ್ಣಾರೆ ಕಂಡಿರಬೇಕು. ನಾಳೆ ತಕರಾರು ಬಂದರೆ ಅವರಲ್ಲಿ ಒಬ್ಬರಾದರೂ ಕಟಕಟೆಗೆ ಬರಬೇಕಾಗುತ್ತದೆ. ಊರಿನ ಯಜಮಾನರೆಂದು ಎಂಬತ್ತೆರಡರ ಅಜ್ಜನನ್ನು ಸಾಕ್ಷಿ ಹಾಕಿಸಿ, ಕೇಸು ಬಂದಾಗ ಅವರ ತಿಥಿಯೂ ಆಗಿಹೋಗಿದ್ದ ಉದಾಹರಣೆಗಳು ನನ್ನ ಕಪಾಟಿನಲ್ಲಿವೆ. ಅಮ್ಮನಿಗಿಂತ ಚಿಕ್ಕವರು, ಊರಿನಲ್ಲೇ ಇರುವವರು, ಆಸ್ತಿ ಪಡೆಯದವರು ಸಾಕ್ಷಿಗಳಾಗಲಿ. ಅದೇ ವಾರದ ವೈದ್ಯರ ಪ್ರಮಾಣಪತ್ರ ಜೊತೆಗಿರಲಿ.

ನೋಂದಾಯಿತ ಉಯಿಲನ್ನು ಯಾರೂ ಅಲುಗಾಡಿಸಲಾಗದು ಎಂಬುದೂ ಸುಳ್ಳು. ಈ ವಿಷಯದಲ್ಲಿ ದೇಶದ ನ್ಯಾಯಾಲಯಗಳೆಲ್ಲ ಇಂದಿಗೂ ನೆನೆಯುವ 1958ರ ತೀರ್ಪು ನಮ್ಮ ಮೈಸೂರು ಹೈಕೋರ್ಟಿನಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಪ್ರಕರಣದ್ದು. ಒಬ್ಬ ಹೆಂಗಸಿನ ಉಯಿಲು. ಅದನ್ನು ಬರೆಸಲು ಮುಂದೆ ನಿಂತು ಓಡಾಡಿದವರ ಮಕ್ಕಳಿಗೇ ದೊಡ್ಡ ಪಾಲು. ಲಾಭ ಪಡೆಯುವವರೇ ಮುಂದೆ ನಿಂತು ಬರೆಸಿದ್ದರೆ ಅನುಮಾನ ಹುಟ್ಟುವುದು ಸಹಜ, ಅದನ್ನು ನಿವಾರಿಸುವ ಹೊಣೆ ಉಯಿಲನ್ನು ಮುಂದಿಡುವವರದೇ ಎಂದಿತು ನ್ಯಾಯಾಲಯ. ಎಂದರೆ ತಮ್ಮನಿಗೆ ಮನೆ ಬರೆಯುವುದಾದರೆ ಪತ್ರ ಬರೆಸಲು ತಮ್ಮ ಓಡಾಡಬಾರದು. ನೀವು ಓಡಾಡಿ. ಕೇಳಲು ವಿಚಿತ್ರವೆನಿಸಬಹುದು, ಆದರೆ ತಮ್ಮನ ಪಾಲಿಗೆ ಅದಕ್ಕಿಂತ ಗಟ್ಟಿ ರಕ್ಷಣೆ ಇನ್ನೊಂದಿಲ್ಲ.

ಉಯಿಲಿನಲ್ಲಿ ತಮ್ಮನಿಗೆ ಕಾಣುವ ತೊಂದರೆ ಒಂದೇ: 'ನಾಳೆ ಅಕ್ಕ ಕರೆದುಕೊಂಡು ಹೋಗಿ ಬೇರೆ ಬರೆಸಿದರೆ?' ಕೊನೆಯ ಉಯಿಲೇ ಊರ್ಜಿತವಾದ್ದರಿಂದ ಈ ಭಯ ಪೊಳ್ಳಲ್ಲ. ನಡುದಾರಿಯೊಂದನ್ನು ಕೆಲವು ಮನೆಗಳಲ್ಲಿ ಮಾಡಿಸಿದ್ದೇನೆ. ಮನೆಯ ದೊಡ್ಡ ಪಾಲು ತಮ್ಮನಿಗೆ ಮತ್ತು ತಮ್ಮನ ಹೆಂಡತಿಗೆ ಜಂಟಿಯಾಗಿ, ಉಳಿದದ್ದು ನಿಮ್ಮಿಬ್ಬರಿಗೆ. ಆ ಹೆಣ್ಣುಮಗಳ ಹೆಸರನ್ನು ಬೇಕೆಂದೇ ಹೇಳುತ್ತಿದ್ದೇನೆ. ಅಮ್ಮನನ್ನು ಕೊನೆಯವರೆಗೆ ನೋಡಿಕೊಳ್ಳುತ್ತೇನೆ ಎಂದು ತಮ್ಮ ಮಾತು ಕೊಡುತ್ತಿದ್ದಾರೆ. ಸ್ನಾನ ಮಾಡಿಸುವುದು, ರಾತ್ರಿ ಬಾಗಿಲು ತೆರೆದು ಹೊರಟವರನ್ನು ಕರೆತರುವುದು ಯಾರು? 2007ರ ಕಾಯ್ದೆಯ 'ಮಕ್ಕಳು' ಎಂಬ ವ್ಯಾಖ್ಯೆಯಲ್ಲಿ ಮಗ, ಮಗಳು, ಮೊಮ್ಮಕ್ಕಳು ಇದ್ದಾರೆ, ಸೊಸೆ ಇಲ್ಲ. ಹೊಣೆಯ ಪಟ್ಟಿಯಲ್ಲೂ ಇಲ್ಲ, ಪಾಲಿನ ಪಟ್ಟಿಯಲ್ಲೂ ಇಲ್ಲ, ಕೆಲಸದ ಪಟ್ಟಿಯಲ್ಲಿ ಮಾತ್ರ ಅವಳದೊಂದೇ ಹೆಸರು. ನಿಮ್ಮ ಪತ್ರದಲ್ಲೂ ಆಕೆ ಬಂದಿಲ್ಲ.

ಅಣ್ಣನ ಜಿ.ಪಿ.ಎ. ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅದು ಅಮ್ಮನ ಪರವಾಗಿ ಓಡಾಡುವ ಅಧಿಕಾರ, ಒಡೆತನವಲ್ಲ. ಕೊಟ್ಟವರು ತೀರಿಕೊಂಡರೆ ಮುಗಿಯಿತು. ಅವರ ಬುದ್ಧಿ ಸ್ಥಿಮಿತ ತಪ್ಪಿದರೂ ಒಪ್ಪಂದ ಕಾಯ್ದೆಯ ಪ್ರಕಾರ ಅಲ್ಲಿಗೇ ಮುಗಿಯಿತು. ಮರೆವಿನ ಕಾಯಿಲೆಗೆಂದು ಜಿ.ಪಿ.ಎ. ಮಾಡಿಸುವುದು ಮಳೆ ಬಂದ ಕೂಡಲೇ ಕರಗುವ ಕೊಡೆ ಕೊಂಡಂತೆ. ಪೂರ್ತಿ ಮರೆವು ಆವರಿಸಿದ ಮೇಲೆ ಅಮ್ಮನ ಹಣವನ್ನು ಅಮ್ಮನ ಔಷಧಕ್ಕೇ ತೆಗೆಯಬೇಕಾದರೂ ಪಾಲಕರ ನೇಮಕಕ್ಕೆ ನ್ಯಾಯಾಲಯ ಹತ್ತಬೇಕಾದೀತು. ಈಗಲೇ ಅವರ ಉಳಿತಾಯ ಖಾತೆಗೆ ಮಕ್ಕಳಲ್ಲೊಬ್ಬರನ್ನು ಜಂಟಿಯಾಗಿ ಸೇರಿಸಿ, ಇಬ್ಬರಲ್ಲಿ ಯಾರಾದರೂ ವ್ಯವಹರಿಸುವಂತೆ ಮಾಡಿಸಿ. ಪಾಸ್‌ಬುಕ್ಕಿನ ಚಿತ್ರ ತಿಂಗಳಿಗೊಮ್ಮೆ ಮೂವರ ಮೊಬೈಲಿಗೂ ಬರಲಿ.

ನಾಮಿನಿಯ ಮಾತೂ ಅಷ್ಟೇ. ಠೇವಣಿಗೆ ತಮ್ಮ ನಾಮಿನಿಯಾದರೆ, ಬ್ಯಾಂಕು ಹಣವನ್ನು ಅವರ ಕೈಗೆ ಕೊಡುತ್ತದೆ. ಅವರು ಅದನ್ನು ವಾರಸುದಾರರ ಪರವಾಗಿ ಹಿಡಿದಿರುವವರು. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದು, ಯಾರಿಗೆಷ್ಟು ಎಂದೂ ನಮೂದಿಸಬಹುದು. ಮೂವರ ಹೆಸರನ್ನೂ ಬರೆಸಿದರೆ ಈ ಜಗಳ ಒಂದು ಅರ್ಜಿಯಲ್ಲಿ ಮುಗಿಯುತ್ತದೆ.

ಇನ್ನು ಗದ್ದೆ. 1994ರ ಮಾತು ಊರಿನವರು ಗಾಳಿಯಲ್ಲಿ ಹುಟ್ಟಿಸಿದ್ದಲ್ಲ. ಆ ವರ್ಷ ಜುಲೈ 30ರಂದು ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಾಲು ಕೊಟ್ಟಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದ ಮೇಲೆ ಆ ಗೆರೆ ಅಳಿಸಿಹೋಯಿತು. ಅಪ್ಪ ಯಾವಾಗ ತೀರಿಕೊಂಡರು ಎಂಬುದೂ ಮುಖ್ಯವಲ್ಲವೆಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಗದ್ದೆ ಪಿತ್ರಾರ್ಜಿತವಾಗಿದ್ದು, 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ವಿಭಾಗವಾಗಿರದಿದ್ದರೆ, ಅಣ್ಣ ತಮ್ಮಂದಿರಿಗೆ ಇರುವಷ್ಟೇ ಪಾಲು ನಿಮಗಿದೆ. ಅಪ್ಪನದೇ ಸ್ವಯಾರ್ಜಿತವಾಗಿದ್ದರೆ ಅಮ್ಮ ಮತ್ತು ಮೂವರು ಮಕ್ಕಳಿಗೆ ಸಮ ನಾಲ್ಕು ಪಾಲು. ಪಿತ್ರಾರ್ಜಿತವಾದರೆ ಅಮ್ಮನ ಪಾಲಿನ ಲೆಕ್ಕ ಬೇರೆ. ಮೂಲ ಪತ್ರ ನೋಡದೆ ಭಿನ್ನರಾಶಿ ಬರೆಯುವುದಿಲ್ಲ. ಎರಡರಲ್ಲಿ ಯಾವುದಾದರೂ, ಅಮ್ಮನಿಗೆ ಆ ಗದ್ದೆಯಲ್ಲಿ ಒಂದು ಪಾಲು ಇದ್ದೇ ಇದೆ. 'ನೀವಿಬ್ಬರೂ ಹಕ್ಕು ಬಿಡಿ' ಎನ್ನುವಾಗ ತಮ್ಮ ಅದನ್ನು ಎಣಿಸಿದಂತಿಲ್ಲ.

ಹಾಗೆಂದು ನಾಳೆಯೇ ಪಾಲು ಕೇಳಿ ಎನ್ನುತ್ತಿಲ್ಲ. ಎರಡು ಎಕರೆ ಆರು ಗುಂಟೆಯನ್ನು ಸೀಳಿದರೆ ನಾಲೆಯ ತೂಬು ಒಬ್ಬರ ಪಾಲಿಗೆ, ಬದು ಇನ್ನೊಬ್ಬರ ಪಾಲಿಗೆ. ಕಬ್ಬು ಕಡಿಸಿ ಗಾಡಿ ಹೊರಡಿಸಲು ದಾರಿಯೂ ಉಳಿಯದು. ತಮ್ಮನಿಗೆ ಇವತ್ತು ನಿಜವಾಗಿ ಬೇಕಿರುವುದು ಖಾತೆ. ಸತ್ತವರ ಹೆಸರಿನಲ್ಲಿ ಪಹಣಿ ಇದ್ದರೆ ಸಹಕಾರ ಸಂಘದಲ್ಲಿ ಬಡ್ಡಿಯಿಲ್ಲದ ಬೆಳೆ ಸಾಲ ಸಿಗುವುದಿಲ್ಲ, ಬೆಳೆ ಪರಿಹಾರ ಬಂದರೂ ಸತ್ತವರ ಹೆಸರಿಗೆ. ಅದಕ್ಕೆ ಹಕ್ಕು ಬಿಡುಗಡೆ ಬೇಕಿಲ್ಲ, ಪೌತಿ ಖಾತೆ, ಎಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವುದು, ಸಾಕು. ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು ನಾಲ್ವರ ಹೆಸರಿನಲ್ಲಿ ಜಂಟಿ ಖಾತೆ ಮಾಡಿಸಿ. ತಮ್ಮ ಸಾಲ ಪಡೆಯಲು ಉಳಿದವರು ಒಪ್ಪಿಗೆ ಪತ್ರ ಕೊಟ್ಟರಾಯಿತು. ವಂಶವೃಕ್ಷದಲ್ಲಿ ನಿಮ್ಮ ಹೆಸರಿದೆಯೇ ಎಂದು ನಿಮ್ಮ ಕಣ್ಣಿನಿಂದಲೇ ನೋಡಿ. ಕೊಟ್ಟ ಹೆಣ್ಣುಮಕ್ಕಳನ್ನು 'ಮರೆತು' ಬಿಡುವ ವಂಶವೃಕ್ಷಗಳನ್ನು ನಾನು ಲೆಕ್ಕವಿಲ್ಲದಷ್ಟು ಕಂಡಿದ್ದೇನೆ. ಅಕಸ್ಮಾತ್ ತಮ್ಮ ತಮ್ಮೊಬ್ಬರ ಹೆಸರಿಗೇ ಖಾತೆ ಮಾಡಿಸಿಕೊಂಡಿದ್ದರೂ ಎದೆ ಒಡೆದುಕೊಳ್ಳಬೇಡಿ. ಪಹಣಿ ಕಂದಾಯದ ದಾಖಲೆ. ಅದರಿಂದ ಹಕ್ಕು ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ.

ನೋಂದಾಯಿತ ಹಕ್ಕು ಬಿಡುಗಡೆ ಪತ್ರದ ಸಂಗತಿ ಬೇರೆ. ರುಜು ಬಿದ್ದರೆ ಮುಗಿಯಿತು. ತಮ್ಮನಿಗೆ ಗದ್ದೆ ಬಿಟ್ಟುಕೊಡಲೇಬೇಕೆಂದು ನಿಮ್ಮ ಮನಸ್ಸೇ ಹೇಳಿದರೆ ಬಿಡಿ, ಅದು ನಿಮ್ಮ ದೊಡ್ಡತನ. ಬೆಂಗಳೂರು ಹೆದ್ದಾರಿ ಬಂದ ಮೇಲೆ ಈ ಕಡೆಯ ನೆಲದ ಬೆಲೆ ಏನಾಗಿದೆ ಎಂದು ತಿಳಿದುಕೊಂಡು ಬಿಡಿ. ಅಮ್ಮನ ಆರೈಕೆಗೆ ಬದಲಾಗಿ ಮಾತ್ರ ಬಿಡಬೇಡಿ. ಆ ವಿನಿಮಯದಲ್ಲಿ ನೀವು ಕೊಡುವುದು ಒಂದೇ ದಿನದಲ್ಲಿ ಮುಗಿಯುತ್ತದೆ, ಅವರು ಕೊಡಬೇಕಾದದ್ದು ಹತ್ತು ವರ್ಷ ನಡೆಯಬೇಕು.

ಆರೈಕೆಯ ಲೆಕ್ಕ ತಿಂಗಳ ಲೆಕ್ಕವಾಗಿಯೇ ಇರಲಿ. ಬಾಡಿಗೆ ಪೂರ್ತಿ ಅಮ್ಮನ ಖಾತೆಗೆ ಬಂದು ಅಮ್ಮನ ಖರ್ಚಿಗೇ ಹೋಗಲಿ. ಸಾಲದೆ ಬಂದದ್ದನ್ನು ನೀವೂ ಅಣ್ಣನೂ ತುಂಬಿ. ದಾಕ್ಷಿಣ್ಯ ಬಿಟ್ಟು ಹೇಳಬೇಕೆಂದರೆ, ಕಾನೂನಿನ ಕಣ್ಣಿನಲ್ಲಿ ಅಮ್ಮನನ್ನು ನೋಡಿಕೊಳ್ಳುವ ಹೊಣೆ ಕೊಟ್ಟ ಮನೆಗೆ ಹೋದ ಮಗಳಿಗೂ ಇದೆ. ವರ್ಷಕ್ಕೆ ಎರಡು ತಿಂಗಳಾದರೂ, ನಿಮ್ಮ ಬೇಸಿಗೆ ರಜೆಯಲ್ಲಿ, ಅಮ್ಮನನ್ನು ಮೈಸೂರಿಗೆ ಕರೆತನ್ನಿ, ಅಥವಾ ನೀವೇ ಊರಿಗೆ ಹೋಗಿ ಇರಿ. ಮರೆವಿನವರಿಗೆ ಜಾಗ ಬದಲಾದರೆ ಗಲಿಬಿಲಿ ಹೆಚ್ಚುವುದುಂಟು, ಆದ್ದರಿಂದ ಎರಡನೆಯದೇ ಮೇಲು. ತಮ್ಮನ ಹೆಂಡತಿ ಆ ಎರಡು ತಿಂಗಳು ತನ್ನ ತವರಿಗೆ ಹೋಗಿ ಬರಲಿ. ಎಷ್ಟೋ ಮನೆಗಳಲ್ಲಿ ದಾನಪತ್ರದ ಹಟ ಇಂಥ ಸಣ್ಣ ಬಿಡುವಿನಿಂದಲೇ ಇಳಿದದ್ದನ್ನು ಕಂಡಿದ್ದೇನೆ.

ಒಂದು ವೇಳೆ ಮುಂದೆ ನಿಜವಾಗಿಯೂ ಅಮ್ಮನ ನಿರ್ಲಕ್ಷ್ಯವಾದರೆ ದಾರಿ ಇದೆ. ಪಾಂಡವಪುರದ ಉಪವಿಭಾಗಾಧಿಕಾರಿಯೇ ಆ ಭಾಗದ ನಿರ್ವಹಣಾ ನ್ಯಾಯಮಂಡಳಿ. ಅಮ್ಮನೇ ಅರ್ಜಿ ಕೊಡಬಹುದು, ಆಗದಿದ್ದರೆ ಅವರು ಅಧಿಕಾರ ಕೊಟ್ಟವರು ಕೊಡಬಹುದು. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಗೊತ್ತುಮಾಡುವ ಅಧಿಕಾರ ಅದಕ್ಕಿದೆ. ಜೀವನಾಂಶದ ಅರ್ಜಿಯನ್ನು 90 ದಿನಗಳಲ್ಲಿ, ವಿಶೇಷ ಸಂದರ್ಭದಲ್ಲಿ ಇನ್ನೂ 30 ದಿನ ಸೇರಿಸಿ, ಮುಗಿಸಬೇಕೆಂದು ಕಾಯ್ದೆ ಹೇಳುತ್ತದೆ. ಕಚೇರಿಗಳ ಕ್ಯಾಲೆಂಡರು ಸ್ವಲ್ಪ ಉದಾರ. ಹಿರಿಯರ ಸಹಾಯವಾಣಿ 14567. ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಸಿಗುತ್ತದೆ. ಅದು ಅಮ್ಮನಿಗೂ ಅನ್ವಯಿಸುತ್ತದೆ, ನಿಮಗೂ. ಆದರೆ ಈ ಬಾಗಿಲುಗಳನ್ನು ಈಗಲೇ ತಟ್ಟುವ ಪರಿಸ್ಥಿತಿ ನಿಮ್ಮ ಮನೆಯಲ್ಲಿ ಇಲ್ಲವೆಂದೇ ನನಗನಿಸುತ್ತದೆ.

ಅಮ್ಮ ತಿಳಿವಿನಲ್ಲಿರುವಾಗ ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ, ಆಸ್ತಿಯದಲ್ಲ. ಕೊನೆಗಾಲದಲ್ಲಿ ಆಸ್ಪತ್ರೆಯ ಯಂತ್ರಗಳಿಗೆ ಕಟ್ಟಿಹಾಕಿಸಿಕೊಳ್ಳಲು ಅವರಿಗೆ ಇಷ್ಟವೇ, ಇಲ್ಲವೇ? ಆ ಇಷ್ಟವನ್ನು ಇಬ್ಬರು ಸಾಕ್ಷಿಗಳ ಮುಂದೆ ಬರೆದು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಲು ಸುಪ್ರೀಂ ಕೋರ್ಟ್ 2023ರಲ್ಲಿ ದಾರಿ ಸರಳಗೊಳಿಸಿದೆ. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವೂ ಇದನ್ನು ಜಾರಿಗೆ ತರಲು ಆದೇಶ ಹೊರಡಿಸಿದೆ. ಬರೆದಿಡದಿದ್ದರೆ ತೀವ್ರನಿಗಾ ಘಟಕದ ಹೊರಗೆ ಮೂವರು ಮಕ್ಕಳು ಮೂರು ಮಾತಾಡುತ್ತಾ ನಿಂತಿರುತ್ತೀರಿ.

ತವರಿನ ಬಾಗಿಲಿನ ಭಯಕ್ಕೆ ನನ್ನ ಬಳಿ ಸೆಕ್ಷನ್ ಇಲ್ಲ. ರುಜು ಹಾಕಿ ಮುಚ್ಚಿಕೊಂಡ ಬಾಗಿಲುಗಳನ್ನೂ ಕಂಡಿದ್ದೇನೆ, ಹಾಕದೆ ತೆರೆದೇ ಉಳಿದವನ್ನೂ ಕಂಡಿದ್ದೇನೆ. 'ಕೊಡುವುದಿಲ್ಲ' ಎಂದು ಹೇಳಬೇಡಿ. 'ಅಮ್ಮನನ್ನು ಡಾಕ್ಟರಿಗೆ ತೋರಿಸಿದ ಮೇಲೆ ಕೂತು ಮಾತಾಡೋಣ, ಖಾತೆ ಕೆಲಸವನ್ನು ಸೋಮವಾರವೇ ಶುರುಮಾಡೋಣ' ಎನ್ನಿ. ಕೇಳಿದ್ದನ್ನು ಪೂರ್ತಿ ತಳ್ಳಿಹಾಕಿದಂತೆಯೂ ಆಗುವುದಿಲ್ಲ. ಈ ಭಾನುವಾರ ಊರಿಗೆ ಹೋಗಿ, ಬೆಳಗಿನ ಹೊತ್ತು ಅಮ್ಮನ ಪಕ್ಕ ಅವರೆಕಾಯಿ ಸುಲಿಯುತ್ತಲೋ ಹೂ ಕಟ್ಟುತ್ತಲೋ ಕೂತು, ಮಂಡ್ಯದ ಮನೆ ಕಟ್ಟಿಸಿದ ಕಥೆ ಕೇಳಿ. ಯಾವ ಒಡವೆ ಮಾರಿದರು, ಯಾರಿಗೆ ಕೊಡಬೇಕೆಂದು ಕಟ್ಟಿಸಿದರು, ಈಗ ಏನೆನಿಸುತ್ತದೆ? ತಮ್ಮನೂ ಅಲ್ಲೇ ಕೂತು ಕೇಳಲಿ.

ನೋಂದಣಿಗೆ ಗೊತ್ತುಮಾಡಿದ ದಿನವನ್ನು ಮುಂದೂಡಿಸಿ. ಪತ್ರ ಬರಹಗಾರರಿಗೆ ಮುಂಗಡ ಕೊಟ್ಟಾಗಿದೆ ಎಂದು ತಮ್ಮ ಗೊಣಗಿದರೆ, ಆ ಹಣವನ್ನು ನೀವೇ ಕೊಟ್ಟುಬಿಡಿ.